ಮೀನಿನ ಬಾಲ ನೆಟ್ಟಗೆ, ಡಾಲ್ಫಿನ್ ಬಾಲ ಅಡ್ಡ: ಇರೋ ನೀರು ಒಂದೇ, ಮತ್ಯಾಕೆ ಹೀಗೆ?

ಅಲೆಮಾರಿ_ಕಣ್ಣು

ಪ್ರಾಣಿಗಳ ಮೈಕಟ್ಟು ಅವು ಬದುಕೋ ಜಾಗಕ್ಕೆ, ಓಡಾಡೋ ರೀತಿಗೆ ಹೊಂದಿಕೊಂಡು ರೂಪುಗೊಳ್ಳುತ್ತೆ ಅಂತ ಎಲ್ಲ ಕಡೆ ಓದ್ತೀವಿ. ಒಪ್ತೀನಿ. ಆದ್ರೆ ಒಂದು ಕಡೆ ನನಗೆ ಲೆಕ್ಕ ಕೂಡ್ತಿಲ್ಲ. ಶಾರ್ಕ್ ಮತ್ತು ಡಾಲ್ಫಿನ್ ಚಿತ್ರ ಪಕ್ಕಪಕ್ಕ ಇಟ್ಕೊಂಡು ನೋಡಿ. ಎರಡಕ್ಕೂ ಮೂತಿ ಚೂಪು, ನಡು ದಪ್ಪ, ಹಿಂದಕ್ಕೆ ಹೋದಂತೆ ಸಪೂರ. ಬೆನ್ನ ಮೇಲೊಂದು ರೆಕ್ಕೆ, ಇಕ್ಕೆಲದಲ್ಲಿ ಎರಡು. ಬಾಲಕ್ಕೆ ಬಂದ್ರೆ ಮಾತ್ರ ಉಲ್ಟಾ. ಶಾರ್ಕ್ ಬಾಲ ನೆಟ್ಟಗೆ ನಿಂತಿರುತ್ತೆ, ಎಡಕ್ಕೂ ಬಲಕ್ಕೂ ಬೀಸುತ್ತೆ. ಡಾಲ್ಫಿನ್ ಬಾಲ ಅಡ್ಡಡ್ಡ ಮಲಗಿರುತ್ತೆ, ಮೇಲೆ ಕೆಳಗೆ ಬಡಿಯುತ್ತೆ.

ನೀರು ಒಂದೇ, ಕೆಲಸವೂ ಒಂದೇ. ಹಾಗಿದ್ರೆ ಎರಡರಲ್ಲಿ ಯಾವುದೋ ಒಂದು ಹೆಚ್ಚು ಒಳ್ಳೇದಿರಬೇಕಲ್ವಾ? ಎರಡೂ ಅದನ್ನೇ ಯಾಕೆ ಹಿಡೀಲಿಲ್ಲ? "ಅದು ಮೀನು, ಇದು ಸಸ್ತನಿ" ಅಂತ ಹೇಳಿ ಮುಗಿಸ್ಬೇಡಿ. ಸಸ್ತನಿ ಆದ್ರೆ ಬಾಲ ಯಾಕೆ ಮಲಗಬೇಕು ಅನ್ನೋದೇ ನನ್ನ ಪ್ರಶ್ನೆ.

ಸುಮ್ನೆ_ಓದುಗ

ಉಸಿರಾಡೋಕೆ ಪದೇಪದೇ ಮೇಲೆ ಬರ್ಬೇಕಲ್ಲ, ಅದಕ್ಕೆ ಮೇಲೆ ಕೆಳಗೆ ಬಡಿಯೋ ಬಾಲ.

ಪಳೆಯುಳಿಕೆ_ಪ್ರಿಯ

ಆ ವಾದ ನಿಲ್ಲಲ್ಲ ಸರ್. ಡೈನೋಸಾರ್ ಕಾಲದಲ್ಲಿ ಇಕ್ತಿಯೋಸಾರ್ ಅನ್ನೋ ಕಡಲ ಸರೀಸೃಪಗಳಿದ್ದವು. ಅವಕ್ಕೂ ಇದ್ದದ್ದು ಶ್ವಾಸಕೋಶ, ಅವೂ ಗಾಳಿಗೆ ಮೇಲೆ ಬರಲೇಬೇಕಿತ್ತು. ಮೈ ನೋಡಿದ್ರೆ ಥೇಟ್ ಡಾಲ್ಫಿನ್. ಆದ್ರೆ ಬಾಲ ಮೀನಿನದ್ದರ ಹಾಗೆ ನೆಟ್ಟಗೆ. ಮೊಸಳೆ ತಗೊಳ್ಳಿ, ಅದೂ ಗಾಳಿ ಕುಡಿಯೋ ಪ್ರಾಣಿನೇ, ಈಜುವಾಗ ಬಾಲ ಬೀಸೋದು ಎಡಬಲಕ್ಕೆ.

ಮೂಳೆಗಾರ

ಇದಕ್ಕೆ ಉತ್ತರ ಹುಡುಕಬೇಕಾದ್ದು ನೆಲದ ಮೇಲೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೀನು ಈಜೋದು ಬೆನ್ನೆಲುಬನ್ನ ಎಡಬಲಕ್ಕೆ ಬಳುಕಿಸಿ. ನಾಲ್ಕು ಕಾಲಿನ ಪ್ರಾಣಿಗಳ ಪೂರ್ವಜರು ನೀರಿನಂಚಿಗೆ ಬಂದಾಗ ಅದೇ ಬಳುಕನ್ನ ಜೊತೆಗೆ ತಂದವು. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 2004ರಲ್ಲಿ ಸಿಕ್ಕ ಟಿಕ್ಟಾಲಿಕ್ ಸುಮಾರು 37.5 ಕೋಟಿ ವರ್ಷ ಹಳೇದು. ಮೀನೇ, ಆದ್ರೆ ಕುತ್ತಿಗೆ ತಿರುಗ್ತಿತ್ತು, ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳಿದ್ದವು. ಅಲ್ಲಿಂದ ಮುಂದೆ ಹಲ್ಲಿಗೆ ಬನ್ನಿ. ಹಲ್ಲಿ ನೆಲದ ಮೇಲೆ ಓಡೋದನ್ನ ಮೇಲಿಂದ ಗಮನಿಸಿ. ಕಾಲುಗಳು ಪಕ್ಕಕ್ಕೆ ಚಾಚಿಕೊಂಡಿರುತ್ತವೆ, ಒಂದೊಂದು ಹೆಜ್ಜೆಗೂ ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ಹೊರಳುತ್ತೆ. ಮೀನು ಈಜಿದ ಕ್ರಮದಲ್ಲೇ ಅದು ನಡೀತಿದೆ.

ಇದರಲ್ಲೊಂದು ದೊಡ್ಡ ತೊಡಕಿದೆ. ಮೈ ಎಡಕ್ಕೆ ಬಾಗಿದಾಗ ಎಡ ಶ್ವಾಸಕೋಶ ಅದುಮಿಕೊಳ್ಳುತ್ತೆ, ಬಲದ್ದು ಹಿಗ್ಗುತ್ತೆ. ಗಾಳಿ ಒಂದರಿಂದ ಇನ್ನೊಂದಕ್ಕೆ ಓಡಾಡುತ್ತೆ, ಹೊರಗೆ ಹೋಗಲ್ಲ, ಹೊಸದು ಒಳಗೆ ಬರಲ್ಲ. ಹಾಗಾಗಿ ಬಹುತೇಕ ಹಲ್ಲಿಗಳಿಗೆ ಜೋರಾಗಿ ಓಡ್ತಾ ಸರಿಯಾಗಿ ಉಸಿರಾಡೋಕೆ ಆಗಲ್ಲ. ಸರ್ರನೆ ಓಡಿ, ಗಕ್ಕನೆ ನಿಂತು, ಉಸಿರು ತಗೊಂಡು ಮತ್ತೆ ಓಡೋದು ಅದಕ್ಕೇ. ಜೀವವಿಜ್ಞಾನಿ ಡೇವಿಡ್ ಕ್ಯಾರಿಯರ್ 1987ರಲ್ಲಿ ಈ ತೊಡಕನ್ನ ವಿವರವಾಗಿ ಬರೆದರು, ಈಗಲೂ ಅದಕ್ಕೆ ಅವರದ್ದೇ ಹೆಸರು.

ಸಸ್ತನಿಗಳಲ್ಲಿ ಕಾಲು ಮೈಯ ಕೆಳಗೆ ಬಂತು. ಬೆನ್ನು ಎಡಬಲ ಬಳುಕೋದು ಕಮ್ಮಿಯಾಗಿ ಮೇಲೆ ಕೆಳಗೆ ಬಾಗೋದು ಹೆಚ್ಚಾಯ್ತು. ಹಾಗೆ ಬಾಗಿದ್ರೆ ಎರಡೂ ಶ್ವಾಸಕೋಶ ಒಟ್ಟಿಗೇ ಅದುಮುತ್ತೆ, ಒಟ್ಟಿಗೇ ಹಿಗ್ಗುತ್ತೆ, ಓಟವೇ ಉಸಿರಾಟಕ್ಕೆ ನೆರವಾಗುತ್ತೆ. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಸರಿಯಾಗಿ ಒಂದು ಉಸಿರು ತಗೊಳ್ಳುತ್ತೆ.

ಡಾಲ್ಫಿನ್ ವಂಶದ ಹಿರಿಯರು ಇಂಥ ಬೆನ್ನಿಟ್ಟುಕೊಂಡೇ ನೀರಿಗೆ ಇಳಿದದ್ದು. ಇದ್ದ ಚಲನೆಯೇ ಬಾಲಕ್ಕೆ ಮುಂದುವರೀತು. ಡಾಲ್ಫಿನ್ ಬಾಲದ ಆ ಅಡ್ಡ ಹಾಳೆಗಳಲ್ಲಿ ಮೂಳೆ ಇಲ್ಲ, ಬರೀ ಗಟ್ಟಿ ನಾರಿನ ಅಂಗಾಂಶ. ಬೆನ್ನೆಲುಬು ನಡುವೆ ಹಾದು ಮುಗಿಯುತ್ತೆ. ಇಕ್ತಿಯೋಸಾರ್‌ಗಳ ಹಿರಿಯರು ಎಡಬಲ ಬಳುಕೋ ಸರೀಸೃಪಗಳು, ಅದಕ್ಕೆ ಅವುಗಳ ಬಾಲ ನೆಟ್ಟಗೆ.

ಅಲೆಮಾರಿ_ಕಣ್ಣು

ಇದು ಉತ್ತರ! ಅಂದ್ರೆ ಡಾಲ್ಫಿನ್ ನೀರಲ್ಲಿ ಮಾಡ್ತಿರೋದು ಒಂದು ರೀತಿ ನಾಗಾಲೋಟವೇ.

ತರ್ಕಕ್ಕೆ_ತಯಾರು

ನಿಲ್ಲಿ ನಿಲ್ಲಿ, ಅಷ್ಟು ಬೇಗ ಖುಷಿಪಡ್ಬೇಡಿ. ಸಸ್ತನಿ ಅಂದ್ರೆ ಮೇಲೆ ಕೆಳಗೆ ಅಂತ ನಿಯಮ ಮಾಡಿದ್ರಿ. ಹಾಗಿದ್ರೆ ಸೀಲ್ ಯಾವ ಲೆಕ್ಕ? ಹೊರಗಿವಿ ಇಲ್ಲದ ನಿಜವಾದ ಸೀಲ್‌ಗಳು ಎರಡೂ ಹಿಂಗಾಲು ಜೋಡಿಸಿಕೊಂಡು ಎಡಬಲಕ್ಕೆ ಬೀಸಿಯೇ ಈಜೋದು. ಕಡಲಸಿಂಹ ಹಿಂದಿನ ಭಾಗವನ್ನ ನೆಚ್ಚಿಕೊಳ್ಳೋದೇ ಇಲ್ಲ, ಮುಂಗಾಲಿಂದ ನೀರು ತಳ್ಳುತ್ತೆ. ಮೂರು ಸಸ್ತನಿ, ಮೂರು ದಾರಿ. "ಪೂರ್ವಜರಿಂದ ಬಂತು" ಅಂತ ಒಂದೇ ಮಾತಲ್ಲಿ ಎಲ್ಲಾ ಬಗೆಹರಿಸೋಕಾಗಲ್ಲ.

ಪಳೆಯುಳಿಕೆ_ಪ್ರಿಯ

ಒಳ್ಳೇ ಪ್ರಶ್ನೆ, ಆದ್ರೆ ಇದು ಮೂಳೆಗಾರರ ಮಾತನ್ನ ಮುರಿಯಲ್ಲ. ಸೀಲ್‌ಗಳಲ್ಲಿ ಬಾಲ ಚೋಟುದ್ದ. ನೀರು ತಳ್ಳೋ ಹಾಳೆ ಪಾದವೇ. ಎರಡು ಅಂಗಾಲು ಎದುರುಬದುರಾಗಿ ಹಿಂದಕ್ಕೆ ಚಾಚಿದ್ರೆ ಆ ಹಾಳೆ ನೆಟ್ಟಗೆ ನಿಲ್ಲುತ್ತೆ, ಬೀಸೋ ದಿಕ್ಕು ಎಡಬಲವೇ ಆಗಬೇಕು. ಅದೇ ಸೀಲ್ ದಡಕ್ಕೆ ಬಂದಾಗ ನೋಡಿ, ಹೊಟ್ಟೆ ಊರಿ ಬೆನ್ನನ್ನ ಮೇಲೆ ಕೆಳಗೆ ಬಾಗಿಸಿಕೊಂಡು ಮುಂದೆ ಸಾಗುತ್ತೆ. ಹಿಂಗಾಲನ್ನ ಮುಂದಕ್ಕೆ ಮಡಚೋಕೆ ಅದಕ್ಕಾಗಲ್ಲ. ಕಡಲಸಿಂಹಕ್ಕೆ ಆಗುತ್ತೆ, ಅದಕ್ಕೇ ಅದು ದಡದಲ್ಲಿ ನಾಲ್ಕೂ ಕಾಲೂರಿ ನಡೆಯುತ್ತೆ.

ತಿಮಿಂಗಿಲಗಳ ದಾರಿ ಬೇರೆ, ಡಾಲ್ಫಿನ್ ಕೂಡ ಅದೇ ವಂಶದ್ದು. ಸುಮಾರು 4.8 ಕೋಟಿ ವರ್ಷ ಹಿಂದಿನ ಇಂಡೋಹಯಸ್ ಅನ್ನೋ, ತಿಮಿಂಗಿಲಗಳಿಗೆ ಹತ್ತಿರದ ನೆಂಟನಾದ ಪುಟ್ಟ ಗೊರಸಿನ ಪ್ರಾಣಿಯ ಪಳೆಯುಳಿಕೆ ಕಾಶ್ಮೀರದಲ್ಲಿ ಸಿಕ್ಕಿತು. ಆ ಬಂಡೆಗಳನ್ನ ಕೂಡಿಟ್ಟವರು ಭೂವಿಜ್ಞಾನಿ ಎ. ರಂಗರಾವ್. ಅವರು ತೀರಿಕೊಂಡ ಮೇಲೆ ಆ ಕಲ್ಲುಗಳು ಪಳೆಯುಳಿಕೆ ತಜ್ಞ ಹಾನ್ಸ್ ತೆವಿಸನ್ ಕೈಸೇರಿ, 2007ರಲ್ಲಿ ವಿವರ ಹೊರಬಂತು. ಕಿವಿಯ ಮೂಳೆಯ ಒಂದು ಗೋಡೆ ತಿಮಿಂಗಿಲಗಳಲ್ಲಿ ಇರೋ ಹಾಗೇ ದಪ್ಪ. ಕಾಲಿನ ಮೂಳೆಗಳೂ ದಪ್ಪ, ನೀರಲ್ಲಿ ತೇಲಿಹೋಗದೆ ತಳದಲ್ಲಿ ನಡೆಯೋಕೆ ಅನುಕೂಲ. ಪಾಕಿಸ್ತಾನದಲ್ಲಿ ಸಿಕ್ಕ ಪಾಕಿಸೀಟಸ್ ಅನ್ನೋ ಆರಂಭಕಾಲದ ತಿಮಿಂಗಿಲಕ್ಕೆ ನಾಲ್ಕೂ ಕಾಲು ಪೂರ್ತಿ ಇವೆ. ಆಂಬ್ಯುಲೋಸೀಟಸ್ ಅನ್ನೋ ಇನ್ನೊಂದು ಹಳೇ ತಿಮಿಂಗಿಲಕ್ಕೆ ಹಿಂದಿನ ಪಾದ ಅಗಲ, ಈಜಿರೋದು ನೀರುನಾಯಿಯಂತೆ ಬೆನ್ನು ಮೇಲೆ ಕೆಳಗೆ ಬಾಗಿಸಿ. ಆ ಹಂತ ದಾಟಿದ ಮೇಲೆ ಕಾಲು ಕುಗ್ಗಿ ಬಾಲ ಹಿಗ್ಗಿತು. ಈಗಲೂ ತಿಮಿಂಗಿಲದ ಮೈಯೊಳಗೆ ಯಾವುದಕ್ಕೂ ತಗುಲಿಕೊಳ್ಳದ ಸಣ್ಣ ಸೊಂಟದ ಮೂಳೆಗಳಿವೆ.

ತರ್ಕಕ್ಕೆ_ತಯಾರು

ಬೆನ್ನೆಲುಬಿಗೆ ತಗುಲಿಕೊಂಡಿಲ್ಲ ಅನ್ನಿ. ಜನನಾಂಗದ ಸ್ನಾಯುಗಳಿಗೆ ಅವೇ ಆಸರೆ. ಕೆಲಸವಿಲ್ಲದ ಮೂಳೆ ಅಂತ ಓದಿದವರು ಅಂದ್ಕೋಬಾರ್ದು.

ಪಶುವೈದ್ಯೆ_ಎಂ

ಕಾಲಿನ ಮಾತು ಬಂತಲ್ಲ, ನನಗೆ ಪ್ರೀತಿಯ ವಿಷಯ. ಕುದುರೆಯ ಹಿಂಗಾಲಿನ ನಡುವೆ ಹಿಂದಕ್ಕೆ ಮಡಚುವ ಕೀಲು ಕಾಣುತ್ತಲ್ಲ, ಎಷ್ಟೋ ಜನ ಅದನ್ನ ಮೊಣಕಾಲು ಅಂದ್ಕೊಂಡು "ಕುದುರೆಗೆ ಮಂಡಿ ಹಿಂದುಮುಂದು" ಅಂತಾರೆ. ಅದು ಹಿಮ್ಮಡಿ. ನಿಜವಾದ ಮಂಡಿ ಹೊಟ್ಟೆಯ ಮಗ್ಗುಲಲ್ಲಿ, ಮೇಲೆ ಇದೆ.

ಹತ್ತಿರದಲ್ಲಿ ನಾಯಿ ಇದ್ರೆ ಅದರ ಹಿಂಗಾಲು ಮೆಲ್ಲಗೆ ಮುಟ್ಟಿ ನೋಡಿ. ಚೂಪಾಗಿ ಹಿಂದಕ್ಕೆ ಚಾಚಿದ ಮೂಳೆ ಸಿಗುತ್ತೆ, ಅದಕ್ಕೆ ಮೇಲಿಂದ ಬಿಗಿಯಾದ ಹುರಿಯೊಂದು ಬಂದು ಅಂಟಿರುತ್ತೆ. ನಿಮ್ಮ ಹಿಮ್ಮಡಿ ಮೇಲೆ ಕೈಯಿಟ್ರೆ ಅದೇ ಹುರಿ, ಅದೇ ಮೂಳೆ. ನಾವು ಪೂರ್ತಿ ಪಾದ ಊರ್ತೀವಿ, ಕರಡಿಯೂ ಅಷ್ಟೇ. ನಾಯಿ, ಬೆಕ್ಕು ಬೆರಳ ಮೇಲೆ ನಿಲ್ಲುತ್ತವೆ. ಕುದುರೆ ನಿಂತಿರೋದು ಒಂದೇ ಬೆರಳಿನ ಉಗುರಿನ ಮೇಲೆ. ಗೊರಸು ಅಂದ್ರೆ ನಡುಬೆರಳಿನ ಉಗುರು. ಪಕ್ಕದ ಎರಡು ಬೆರಳುಗಳದ್ದು ಕಡ್ಡಿಯಂಥ ಎರಡು ಮೂಳೆ ಮಾತ್ರ ಉಳಿದಿದೆ, ಎಕ್ಸ್‌ರೇ ತೆಗೆದ್ರೆ ಚೆನ್ನಾಗಿ ಕಾಣುತ್ತೆ. ಸುಮಾರು 5.5 ಕೋಟಿ ವರ್ಷದ ಹಿಂದಿನ ಕಾಡುವಾಸಿ ಕುದುರೆಗೆ ಮುಂಗಾಲಲ್ಲಿ ನಾಲ್ಕು ಬೆರಳು, ಹಿಂಗಾಲಲ್ಲಿ ಮೂರು.

ಒಂದೇ ಬೆರಳಿಂದ ಏನು ಲಾಭ? ಕಾಲಿನ ತುದಿ ಹಗುರ ಆದಷ್ಟೂ ಅದನ್ನ ಮುಂದೆ ಹಿಂದೆ ಬೀಸೋಕೆ ಕಡಿಮೆ ಶಕ್ತಿ ಸಾಕು. ಕುದುರೆಯ ಕಾಲಲ್ಲಿ ಮಾಂಸಖಂಡ ಎಲ್ಲ ಮೇಲಿದೆ, ತೊಡೆ ಭುಜದ ಹತ್ತಿರ. ಕೆಳಗೆ ಹೆಚ್ಚುಕಡಿಮೆ ಬರೀ ಮೂಳೆ, ಸ್ನಾಯುರಜ್ಜು (ಮಾಂಸಖಂಡವನ್ನ ಮೂಳೆಗೆ ಕಟ್ಟೋ ಹುರಿ), ಚರ್ಮ. ಆ ರಜ್ಜುಗಳು ಪ್ರತಿ ಹೆಜ್ಜೆಗೂ ಎಳೆದು ನೀಳವಾಗಿ, ಆ ಶಕ್ತಿಯನ್ನ ಮುಂದಿನ ನೆಗೆತಕ್ಕೆ ವಾಪಸ್ ಕೊಡುತ್ತವೆ. ಇದಕ್ಕೆ ಬೆಲೆಯೂ ತೆರಬೇಕು. ರಜ್ಜುಗಳಿಗೆ ರಕ್ತದ ಓಡಾಟ ಕಮ್ಮಿ. ಹರಿದ್ರೆ ಗಾಯ ಮಾಯೋಕೆ ತಿಂಗಳುಗಟ್ಟಲೆ ಬೇಕು, ಮಾಗಿದ ಮೇಲೂ ಮೊದಲಿನ ಎಳೆತ ಬರಲ್ಲ. ಅಷ್ಟು ದೊಡ್ಡ ಪ್ರಾಣಿ ಅಷ್ಟು ತೆಳ್ಳನೆ ಕಾಲ ಮೇಲೆ ನೋವಿಂದ ನಿಂತಿರೋದನ್ನ ನೋಡಿದ್ರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಸುಮ್ನೆ_ಓದುಗ

ಈಗಷ್ಟೇ ನಮ್ಮ ನಾಯಿ ಕಾಲು ಮುಟ್ಟಿ ನೋಡ್ದೆ. ನಿಜ! ಹಿಮ್ಮಡಿ ಅಲ್ಲಿದೆ!

ನಡೆದಾಡಿ

ಕಾಂಗರೂನೂ ಸೇರಿಸ್ಕೊಳ್ಳಿ ಮೇಡಂ. ಡಾಸನ್ ಮತ್ತು ಟೇಲರ್ ಅನ್ನೋ ವಿಜ್ಞಾನಿಗಳು 1973ರಲ್ಲಿ ಕಾಂಗರೂಗಳನ್ನ ಓಡುವ ಪಟ್ಟಿಯ ಮೇಲೆ ಕುಪ್ಪಳಿಸಿ, ಎಷ್ಟು ಆಮ್ಲಜನಕ ಬಳಸುತ್ತವೆ ಅಂತ ಅಳೆದರು. ಕುಪ್ಪಳಿಸೋಕೆ ಶುರುಮಾಡಿದ ಮೇಲೆ ವೇಗ ಹೆಚ್ಚಾದರೂ ಖರ್ಚು ಏರಲಿಲ್ಲ. ಎಲ್ಲ ಹಿಂಗಾಲಿನ ರಜ್ಜುಗಳ ಮಹಿಮೆ. ನಿಧಾನಕ್ಕೆ ಹೋಗುವಾಗ ಮಾತ್ರ ಕಾಂಗರೂಗೆ ಕಷ್ಟ, ಆಗ ಬಾಲವನ್ನ ಐದನೇ ಕಾಲಾಗಿ ಊರಿ ಮೈಯನ್ನ ಮುಂದಕ್ಕೆ ದಬ್ಬುತ್ತೆ.

ಹಳೇ_ಮೇಷ್ಟ್ರು

ಎಲ್ಲ ಚೆನ್ನಾಗಿದೆ. ಮೂಲ ಸೂತ್ರ ಒಂದೇ: ಅವಶ್ಯಕತೆ ಬಿದ್ದಾಗ ಅಂಗ ಬೆಳೆಯುತ್ತದೆ, ಬಳಸದಿದ್ದರೆ ನಶಿಸುತ್ತದೆ. ಜಿರಾಫೆ ಎತ್ತರದ ಎಲೆಗೆ ಕತ್ತು ಚಾಚಿ ಚಾಚಿ ಕತ್ತು ಉದ್ದವಾಯಿತು. ನಾವು ಮಕ್ಕಳಿಗೆ ಹೀಗೇ ಹೇಳಿಕೊಟ್ಟಿದ್ದೇವೆ.

ಮೂಳೆಗಾರ

ಮೇಷ್ಟ್ರೇ, ಗೌರವದಿಂದಲೇ ಹೇಳ್ತೀನಿ, ಅದು ಫ್ರೆಂಚ್ ವಿಜ್ಞಾನಿ ಲಮಾರ್ಕ್ 1809ರಲ್ಲಿ ಮಂಡಿಸಿದ ವಾದ. ಜೀವನಪೂರ್ತಿ ಕತ್ತು ಚಾಚಿದ್ರೂ ಅದು ಮರಿಗೆ ಇಳಿದು ಬರಲ್ಲ. ಹುಟ್ಟುವಾಗಲೇ ಕತ್ತಿನ ಉದ್ದದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತೆ. ಅದರಲ್ಲಿ ಯಾರು ಹೆಚ್ಚು ಮರಿ ಬಿಟ್ಟುಹೋಗ್ತಾರೋ ಅವರ ಗುಣ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತೆ. ಪ್ರಾಣಿಗೆ ಬೇಕು ಅನ್ನಿಸಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹಳೇ_ಮೇಷ್ಟ್ರು

ಫಲಿತಾಂಶ ಒಂದೇ ತಾನೇ? ಕತ್ತು ಉದ್ದ ಆಯಿತು. ಇದನ್ನು ಕಣ್ಣಾರೆ ಕಂಡವರು ಯಾರು? ಎಲ್ಲ ಕೋಟಿ ವರ್ಷಗಳ ಮಾತು.

ಹಲ್ಲಿಗಣ್ಣು

ಕಂಡವರಿದ್ದಾರೆ ಸರ್! ಇದು ನನಗೆ ತುಂಬಾ ಇಷ್ಟದ ಕಥೆ. 2017ರಲ್ಲಿ ಕೆರಿಬಿಯನ್ ಕಡೆಯ ಟರ್ಕ್ಸ್ ಮತ್ತು ಕೈಕೋಸ್‌ನ ಎರಡು ಪುಟ್ಟ ದ್ವೀಪಗಳಲ್ಲಿ ಕಾಲಿನ್ ಡೊನಿಹ್ಯೂ ಅನ್ನೋ ಜೀವವಿಜ್ಞಾನಿ ಮತ್ತು ಜೊತೆಗಾರರು ಅನೋಲ್ ಹಲ್ಲಿಗಳ ಕಾಲು, ಬೆರಳು ಎಲ್ಲ ಅಳೆದು ವಾಪಸ್ ಹೋದ್ರು. ಹೋದ ಬೆನ್ನಲ್ಲೇ ಇರ್ಮಾ, ಮರಿಯಾ ಅಂತ ಎರಡು ಭಾರಿ ಚಂಡಮಾರುತ. ತಿರುಗಿ ಬಂದು ಬದುಕುಳಿದ ಹಲ್ಲಿಗಳನ್ನ ಅಳೆದ್ರು. ಬೆರಳಿನ ಅಂಟುಮೆತ್ತೆ ಸರಾಸರಿಯಲ್ಲಿ ದೊಡ್ಡದು, ಮುಂಗಾಲು ಉದ್ದ. ಆದ್ರೆ ಹಿಂಗಾಲಿನ ತೊಡೆ ಗಿಡ್ಡ!

ಯಾಕೆ ಗಿಡ್ಡ? ಎಲೆ ಊದಿ ಗುಡಿಸೋ ಯಂತ್ರದ ಮುಂದೆ ಒಂದು ಕೋಲು ನಿಲ್ಲಿಸಿ, ಅದರ ಮೇಲೆ ಹಲ್ಲಿ ಬಿಟ್ಟು, ಗಾಳಿ ಹೆಚ್ಚಿಸ್ತಾ ಹೋದ್ರು. ಹಿಂದೆ ಬಲೆ ಇತ್ತು, ಯಾವ ಹಲ್ಲಿಗೂ ಪೆಟ್ಟಾಗಲಿಲ್ಲ. ಹಲ್ಲಿ ಕೋಲಿನ ಮರೆಗೆ ಸರಿದು ಮುಂಗಾಲಿಂದ ಅಪ್ಪಿ ಹಿಡ್ಕೊಳ್ಳುತ್ತೆ. ಹಿಂಗಾಲಿನ ತೊಡೆ ಹೊರಕ್ಕೆ ಚಾಚಿಕೊಂಡಿರುತ್ತೆ, ಗಾಳಿ ಅದಕ್ಕೇ ಬಡಿದು ಹಿಂಭಾಗವನ್ನ ಕಿತ್ತು ಎತ್ತುತ್ತೆ. ಆಮೇಲೆ ಮುಂಗಾಲಿನ ಹಿಡಿತವಷ್ಟೇ ಗತಿ. ತೊಡೆ ಉದ್ದ ಇದ್ದಷ್ಟೂ ಗಾಳಿಗೆ ಜಾಗ ಜಾಸ್ತಿ. ಯಾವ ಹಲ್ಲಿಯೂ ಕಾಲು ಗಿಡ್ಡ ಮಾಡ್ಕೊಳ್ಳಲಿಲ್ಲ ಮೇಷ್ಟ್ರೇ, ಉದ್ದ ತೊಡೆಯವು ಉಳಿಯಲಿಲ್ಲ ಅಷ್ಟೇ.

ತರ್ಕಕ್ಕೆ_ತಯಾರು

ಇದ್ದದ್ದರಲ್ಲೇ ಕೆಲವು ಸತ್ತವು, ಕೆಲವು ಉಳಿದವು. ಹೊಸದೇನೂ ಹುಟ್ಟಿಲ್ಲ. ಮುಂದಿನ ಪೀಳಿಗೆಗೆ ದಾಟಿದ್ರೆ ಮಾತ್ರ ವಿಕಾಸ ಅನ್ನಬಹುದು.

ಹಲ್ಲಿಗಣ್ಣು

ದಾಟಿದೆ. ಆಮೇಲೆ ಮತ್ತೆ ಹೋಗಿ ಅಳೆದಾಗ ಮುಂದಿನ ಪೀಳಿಗೆಯ ಹಲ್ಲಿಗಳಲ್ಲೂ ಅಂಟುಮೆತ್ತೆ ದೊಡ್ಡದೇ ಇತ್ತು. ಬೇರೆ ಬೇರೆ ದ್ವೀಪಗಳನ್ನ ಹೋಲಿಸಿದಾಗಲೂ ಕಳೆದ 70 ವರ್ಷಗಳಲ್ಲಿ ಹೆಚ್ಚು ಚಂಡಮಾರುತ ಕಂಡ ಜಾಗದ ಹಲ್ಲಿಗಳಿಗೆ ಮೆತ್ತೆ ದೊಡ್ಡದು ಅಂತ 2020ರಲ್ಲಿ ಪ್ರಕಟವಾಯ್ತು.

ಹಕ್ಕಿಹುಚ್ಚು

ಜಿರಾಫೆ ವಿಷಯ ಅರ್ಧಕ್ಕೆ ನಿಲ್ಲಿಸ್ಬೇಡಿ. ಅಷ್ಟುದ್ದ ಕತ್ತಿನಲ್ಲೂ ನಮ್ಮ ಹಾಗೆ ಏಳೇ ಕಶೇರುಮಣಿ (ಬೆನ್ನೆಲುಬಿನ ಮಣಿ), ಒಂದೊಂದೂ ಉದ್ದ ಆಗಿದೆ. ಸಸ್ತನಿಗಳಲ್ಲಿ ಆ ಏಳು ಬದಲಾಗಿರೋದು ಮರಕ್ಕೆ ಜೋತುಬೀಳೋ ಸ್ಲಾತ್, ನೀರಲ್ಲಿರೋ ಮನಾಟಿಗಳಲ್ಲಿ ಮಾತ್ರ. ಹಂಸಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಇವೆ, ಅದಕ್ಕೇ ಅದರ ಕತ್ತು ಹಾಗೆ ಬಳುಕುತ್ತೆ.

ಮೂಳೆಗಾರ

ಇನ್ನೊಂದು: ಮಿದುಳಿನಿಂದ ಧ್ವನಿಪೆಟ್ಟಿಗೆಗೆ ಹೋಗೋ ಒಂದು ನರ ಎದೆಗೆ ಇಳಿದು, ಹೃದಯದ ಹತ್ತಿರದ ಮಹಾಧಮನಿಯನ್ನ ಸುತ್ತಿ, ಮತ್ತೆ ಕತ್ತಿಗೆ ಹತ್ತುತ್ತೆ. ನಮ್ಮಲ್ಲೂ ಹಾಗೇ. ಮೀನಿನಲ್ಲಿ ಅದು ಕಿವಿರಿಗೆ ಹೋಗೋ ನೇರ ದಾರಿ. ಕತ್ತು ಬೆಳೆದಂತೆ ನರವೂ ಎಳೆದುಕೊಂಡು ಹೋಯ್ತು, ಜಿರಾಫೆಯಲ್ಲಿ ಅದು ಮೀಟರುಗಟ್ಟಲೆ ಸುತ್ತು. ಯಾರೂ ಹೊಸದಾಗಿ ಕೂತು ನಕ್ಷೆ ಹಾಕಿದ್ರೆ ಹೀಗೆ ಮಾಡ್ತಿರಲಿಲ್ಲ.

ಕೇಳೋದೇ_ಕೆಲಸ

ಮಧ್ಯೆ ಬಂದಿದ್ದಕ್ಕೆ ಬೇಜಾರಾಗ್ಬೇಡಿ. ಓಡಾಟಕ್ಕೆ ಚಕ್ರದಷ್ಟು ಸುಲಭದ್ದು ಇನ್ನೊಂದಿಲ್ಲ. ಒಂದು ಪ್ರಾಣಿಗೂ ಚಕ್ರ ಯಾಕಿಲ್ಲ?

ಪಳೆಯುಳಿಕೆ_ಪ್ರಿಯ

ಸುತ್ತುತ್ತಲೇ ಇರೋ ಭಾಗಕ್ಕೆ ರಕ್ತನಾಳ, ನರ ಹೇಗೆ ಕೊಡ್ತೀರಿ? ತಿರುಚಿ ಹರಿದುಹೋಗುತ್ತೆ. ಅರ್ಧ ಚಕ್ರದಿಂದ ಯಾವ ಉಪಯೋಗವೂ ಇಲ್ಲ, ಹಂತಹಂತವಾಗಿ ಬರೋ ದಾರಿ ಕಾಣಲ್ಲ. ಮೇಲಾಗಿ ಚಕ್ರಕ್ಕೆ ಸಮನಾದ ನೆಲ ಬೇಕು. ಬಂಡೆ, ಕೆಸರು, ಬಿದ್ದ ಮರ ಇರೋ ಕಡೆ ಕಾಲೇ ಮೇಲು.

ತರ್ಕಕ್ಕೆ_ತಯಾರು

ಪ್ರಾಣಿಗಳಲ್ಲಿ ಇಲ್ಲ, ಜೀವಿಗಳಲ್ಲಿ ಇದೆ. ಬ್ಯಾಕ್ಟೀರಿಯಾ ಈಜೋಕೆ ಬಳಸೋ ಬಾಲದಂಥ ಎಳೆ, ಅಂದ್ರೆ ಕಶಾಂಗ, ಬುಡದಲ್ಲಿ ನಿಜವಾಗಿಯೂ ಗಿರಗಿರ ತಿರುಗುತ್ತೆ. ಅಷ್ಟು ಚಿಕ್ಕದರಲ್ಲಿ ನರ ರಕ್ತನಾಳದ ರಗಳೆ ಇಲ್ಲ.

ನಡೆದಾಡಿ

ನಾನು ದಿನವೂ ಬೆನ್ನುನೋವಿನವರನ್ನ ನೋಡೋಳು, ಮನುಷ್ಯರ ಮಾತು ಇಲ್ಲಿವರೆಗೆ ಬಂದಿಲ್ಲ. ನಾಲ್ಕು ಕಾಲಿನ ಪ್ರಾಣಿಯಲ್ಲಿ ಅಡ್ಡವಾಗಿದ್ದ ಬೆನ್ನೆಲುಬನ್ನ ನೆಟ್ಟಗೆ ನಿಲ್ಲಿಸಿದ್ದು ನಮ್ಮ ವಂಶ. ತೂಕ ಪಾದದ ಮೇಲೆ ಬೀಳಬೇಕಲ್ಲ, ಅದಕ್ಕೆ ಸೊಂಟದ ಹತ್ತಿರ ಒಳಬಾಗು ಬಂತು. ತೊಡೆಮೂಳೆ ಒಳಕ್ಕೆ ಓರೆಯಾಗಿ ಮಂಡಿಗಳು ಹತ್ತಿರವಾದವು, ಪಾದಕ್ಕೆ ಕಮಾನು ಬಂತು. ಇಥಿಯೋಪಿಯಾದಲ್ಲಿ 1974ರಲ್ಲಿ ಪಳೆಯುಳಿಕೆಯಾಗಿ ಸಿಕ್ಕ, ಮನುಷ್ಯವಂಶದ ಹಳೇ ಸಂಬಂಧಿ ಲೂಸಿ ಸುಮಾರು 32 ಲಕ್ಷ ವರ್ಷ ಹಿಂದಿನವಳು, ಮಿದುಳು ಚಿಕ್ಕದು, ಆದ್ರೆ ನಡಿಗೆ ಎರಡೇ ಕಾಲಲ್ಲಿ. ಅಂದ್ರೆ ಮಿದುಳು ಬೆಳೆಯೋಕೆ ಬಹಳ ಮುಂಚೆಯೇ ನಾವು ಎದ್ದು ನಿಂತಾಗಿತ್ತು.

ಗರ್ಭಿಣಿಯರ ಬೆನ್ನಿನ ಬಗ್ಗೆ 2007ರಲ್ಲಿ ಬಂದ ಅಧ್ಯಯನ ನನ್ನನ್ನ ತುಂಬಾ ತಟ್ಟಿತು. ಸೊಂಟದ ಬಾಗಿನ ಜಾಗದಲ್ಲಿ ಕಶೇರುಮಣಿಗಳು ಓರೆಯಾಗಿ ಬೆಣೆ ಆಕಾರದಲ್ಲಿರುತ್ತವೆ. ಗಂಡಸರಲ್ಲಿ ಹಾಗಿರೋದು ಎರಡು, ಹೆಂಗಸರಲ್ಲಿ ಮೂರು. ಹೊಟ್ಟೆ ಮುಂದೆ ಬಂದಾಗ ಬೆನ್ನನ್ನ ಹಿಂದಕ್ಕೆ ವಾಲಿಸಿ ತೂಕ ಸರಿದೂಗಿಸ್ಬೇಕು, ಆ ಒತ್ತಡ ಮೂರು ಮಣಿಗಳಿಗೆ ಹಂಚಿಹೋಗುತ್ತೆ. ಚಿಂಪಾಂಜಿಗಳಲ್ಲಿ ಗಂಡು ಹೆಣ್ಣಿನ ನಡುವೆ ಈ ವ್ಯತ್ಯಾಸ ಇಲ್ಲ. ನೋವು ಪೂರ್ತಿ ತಪ್ಪಿಲ್ಲ ನಿಜ, ಆದ್ರೆ ಎಷ್ಟೋ ತಾಯಂದಿರ ಭಾರ ಆ ಒಂದು ಮಣಿಯ ಓರೆಯಲ್ಲಿ ಹಗುರಾಗಿದೆ.

ಅಲೆಮಾರಿ_ಕಣ್ಣು

ಇದು ಗೊತ್ತೇ ಇರಲಿಲ್ಲ. ಧನ್ಯವಾದ ಮೇಡಂ.

ಹಳೇ_ಮೇಷ್ಟ್ರು

ಹಲ್ಲಿಯ ಪ್ರಯೋಗ ಓದಿದೆ, ಚೆನ್ನಾಗಿದೆ. ಆದರೂ ಒಂದು ಕೇಳುತ್ತೇನೆ. ಪೆಂಗ್ವಿನ್ ಹಾರುವುದನ್ನು ಬಿಟ್ಟಿತು, ರೆಕ್ಕೆ ಗಿಡ್ಡವಾಯಿತು. ಇದು ಬಳಸದೆ ನಶಿಸಿದ್ದಲ್ಲವೇ?

ಹಕ್ಕಿಹುಚ್ಚು

ನಶಿಸಿಲ್ಲ ಸರ್, ಬೇರೆ ಕೆಲಸಕ್ಕೆ ಗಟ್ಟಿಯಾಗಿದೆ. ಹಾರೋ ಹಕ್ಕಿಯಲ್ಲಿ ರೆಕ್ಕೆ ಕೆಳಗೆ ಬಡಿಯೋ ಸ್ನಾಯುವೂ, ಮೇಲಕ್ಕೆ ಎತ್ತೋ ಸ್ನಾಯುವೂ ಎರಡೂ ಎದೆಯಲ್ಲೇ ಇರುತ್ತವೆ. ಎತ್ತೋ ಸ್ನಾಯುವಿನ ರಜ್ಜು ಭುಜದ ಮೂಳೆಗಳ ನಡುವಿನ ಕಿಂಡಿಯಲ್ಲಿ ತೂರಿ, ರಾಟೆ ಮೇಲೆ ಹಾಯ್ದ ಹಗ್ಗದ ಹಾಗೆ, ರೆಕ್ಕೆಯನ್ನ ಮೇಲಿಂದ ಎಳೆಯುತ್ತೆ. ಭಾರ ಎಲ್ಲ ಕೆಳಗೆ ಇದ್ರೆ ಹಾರುವಾಗ ತೂಗಾಡಲ್ಲ. ಸಾಮಾನ್ಯ ಹಕ್ಕಿಯಲ್ಲಿ ಎತ್ತೋ ಸ್ನಾಯು ಚಿಕ್ಕದು. ಪೆಂಗ್ವಿನ್‌ನಲ್ಲಿ ಅದೂ ಬಲವಾಗಿದೆ, ಯಾಕಂದ್ರೆ ನೀರಲ್ಲಿ ರೆಕ್ಕೆ ಎತ್ತುವಾಗಲೂ ಮುಂದಕ್ಕೆ ತಳ್ಳಬಹುದು. ಮೊಣಕೈ, ಮಣಿಕಟ್ಟು ಬಿಗಿಯಾಗಿ ಇಡೀ ರೆಕ್ಕೆ ಒಂದು ಹುಟ್ಟಾಗಿದೆ. ಮೂಳೆ ಟೊಳ್ಳಾಗಿದ್ರೆ ಮುಳುಗೋಕೆ ಕಷ್ಟ, ಅದಕ್ಕೆ ಗಟ್ಟಿ ಮೂಳೆ. ಬಳಸದೆ ಕುಗ್ಗಿದ ರೆಕ್ಕೆ ನೋಡಬೇಕಂದ್ರೆ ನ್ಯೂಜಿಲೆಂಡ್‌ನ ಹಾರದ ಹಕ್ಕಿ ಕೀವಿಯದ್ದು ನೋಡಿ, ಗರಿಗಳ ಒಳಗೆ ಹುಡುಕಬೇಕು. ಅಲ್ಲೂ ಕಾರಣ ಆಯ್ಕೆಯೇ. ಹಾರೋ ಸ್ನಾಯು ಸಾಕೋದು ದುಬಾರಿ, ಬೇಡವಾದ ಕಡೆ ಅದಿಲ್ಲದವು ಗೆದ್ದವು.

ಹಳೇ_ಮೇಷ್ಟ್ರು

"ಬೇಡವಾದ ಕಡೆ" ಎಂದು ನೀವೇ ಹೇಳಿದಿರಿ. ನಾನು ಹೇಳುವ ಅವಶ್ಯಕತೆಯೂ ಅದೇ.

ಮೂಳೆಗಾರ

ಅದೇ ಅಲ್ಲ ಮೇಷ್ಟ್ರೇ. ಅವಶ್ಯಕತೆ ಗುಣವನ್ನ ಹುಟ್ಟಿಸಲ್ಲ, ಹುಟ್ಟಿದ್ದರಲ್ಲಿ ಆರಿಸುತ್ತೆ. ಬೇಕಾದ ವ್ಯತ್ಯಾಸ ಹುಟ್ಟದಿದ್ರೆ ಆ ಪ್ರಾಣಿ ಅಳಿದೇ ಹೋಗುತ್ತೆ, ಹಾಗೆ ಹೋದವೇ ಹೆಚ್ಚು.

ಕೇಳೋದೇ_ಕೆಲಸ

ಆನೆ ಯಾಕೆ ನೆಗೆಯಲ್ಲ? ಭಾರ ಜಾಸ್ತಿ ಅಂತಲೋ, ಕಾಲಿನ ರಚನೆ ಬೇರೆ ಅಂತಲೋ?

ಪಶುವೈದ್ಯೆ_ಎಂ

ಎರಡೂ ಒಂದೇ ವಿಷಯ. ಪ್ರಾಣಿಯ ಉದ್ದ ಅಗಲ ಎತ್ತರ ಎಲ್ಲ ಎರಡು ಪಟ್ಟಾದ್ರೆ ತೂಕ ಎಂಟು ಪಟ್ಟು, ಆದ್ರೆ ಮೂಳೆಯ ಅಡ್ಡಕೊಯ್ತ ನಾಲ್ಕೇ ಪಟ್ಟು. ಗೆಲಿಲಿಯೊ 1638ರಲ್ಲೇ ಇದನ್ನ ಬರೆದಿದ್ದ. ಹಾಗಾಗಿ ಆನೆ ಕಾಲು ಕುದುರೆಯ ಕಾಲಿನಂತೆ ಮಡಚಿಕೊಂಡಿಲ್ಲ, ನೇರ ನಿಂತಿದೆ, ತೂಕ ಮೂಳೆಯ ಮೇಲೆ ಸೀದಾ ಇಳಿಯುತ್ತೆ. ನೆಗೆಯೋಕೆ ಬೇಕಾದ ಮಡಿಕೆ, ಉದ್ದ ರಜ್ಜು ಅಲ್ಲಿಲ್ಲ. ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಹೋದಾಗಲೂ ನಾಲ್ಕೂ ಪಾದ ಒಟ್ಟಿಗೆ ನೆಲ ಬಿಡಲ್ಲ.

ಪಾದ ಹೊರಗಿಂದ ಚಪ್ಪಟೆ ಕಂಡ್ರೂ ಒಳಗಿನ ಮೂಳೆ ಬೆರಳ ಮೇಲೆ ನಿಂತ ಹಾಗೆ ಓರೆಯಾಗಿದೆ, ಹಿಮ್ಮಡಿ ಕೆಳಗೆ ದಪ್ಪ ಕೊಬ್ಬಿನ ಮೆತ್ತೆ. ಆ ಮೆತ್ತೆಗೆ ಆಸರೆಯಾಗಿ ಆರನೇ ಬೆರಳಿನಂಥ ಒಂದು ಮೂಳೆ ಇದೆ, ಅದರ ಕೆಲಸ ಏನು ಅಂತ ಸ್ಪಷ್ಟವಾಗಿದ್ದು 2011ರಲ್ಲಿ. ಗಟ್ಟಿ ನೆಲದ ಮೇಲೆ ದಿನವಿಡೀ ಕಟ್ಟಿಹಾಕಿದ ಆನೆಗಳಲ್ಲಿ ಮೊದಲು ಕೆಡೋದು ಈ ಪಾದವೇ. ಮೆತ್ತೆ ಸವೆದು, ಉಗುರು ಸೀಳಿ, ಕೀವು ಮೂಳೆಗೆ ಇಳಿಯುತ್ತೆ. ನಡೀತಾ ಇರೋದಕ್ಕೆಂದೇ ರೂಪುಗೊಂಡ ಕಾಲು ಅದು. ಆನೆ ಸಾಕೋರು ಯಾರಾದ್ರೂ ಇದನ್ನ ಓದ್ತಿದ್ರೆ, ದಯವಿಟ್ಟು ಅದನ್ನ ಮಣ್ಣಿನ ಮೇಲೆ ನಡೆಸಿ.